ಯಾರು ನೋಡಿದರು ಎಂದು ಕೇಳದ ಬ್ಯಾನರ್

ಕಳೆದ ವಾರ ಎಲ್‌ಆರ್‌ಟಿ ರೈಲಿನಲ್ಲಿ ನನ್ನ ಪಕ್ಕ ಕೂತಿದ್ದ ಚೀನೀ ಅಜ್ಜಿಯೊಬ್ಬರು ಚೀಲದಿಂದ ಹೆಬ್ಬೆರಳಿನಷ್ಟಿದ್ದ ಸೀಸೆ ತೆಗೆದು, ಅಂಗೈಗೆ ಎರಡು ತೊಟ್ಟು ಜಾಯಿಕಾಯಿ ಎಣ್ಣೆ ಬಿಟ್ಟುಕೊಂಡು ಕಿವಿಯ ಹಿಂದೆ ತಿಕ್ಕಿಕೊಂಡರು. ಎಸಿಯ ಗಾಳಿಯಲ್ಲಿ ಘಾಟು ಹಬ್ಬಿತು. ಎದುರಿನ ಹುಡುಗಿ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಇನ್ನಷ್ಟು ಹತ್ತಿರ ಸರಿದು ಕೂತೆ. ಸೊಪ್ಪು, ತೆಂಗಿನಕಾಯಿ ತರಲೆಂದು ಬ್ರಿಕ್‌ಫೀಲ್ಡ್ಸ್‌ಗೆ ಹೊರಟವಳು ಇಳಿಯುವುದನ್ನೇ ಮರೆತು ಎರಡು ಸ್ಟೇಷನ್ ಮುಂದೆ ಹೋಗಿಬಿಟ್ಟಿದ್ದೆ.

ಹಿಂದೆ ಅದೇ ಎಣ್ಣೆಯನ್ನು ಹಾಗೇ ಹಚ್ಚುತ್ತಿದ್ದವರು ಪೆಟಾಲಿಂಗ್ ಜಯಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನನ್ನ ಎದುರು ಮನೆಯಲ್ಲಿದ್ದ ಆಂಟಿ. ಉಡುಪಿಯ ಕಡೆಯವರು. ಮದುವೆಯಾಗಿ ಹಡಗಿನಲ್ಲಿ ಈ ಮಲಯ ದೇಶಕ್ಕೆ ಬಂದು ಇಲ್ಲಿಯವರೇ ಆಗಿಹೋದವರು. ಕೈಯಿಂದ ಲೈನು ಜೋಡಿಸುತ್ತಿದ್ದ ಕಾಲದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಹೆಡ್‌ಸೆಟ್ಟಿನ ಪಟ್ಟಿ ವರ್ಷಗಟ್ಟಲೆ ಒತ್ತಿ ಒತ್ತಿ ಕಿವಿಯ ಹಿಂದೆ ಒಂದು ನೋವು ಉಳಿದುಬಿಟ್ಟಿತ್ತಂತೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಒಬ್ಬರೇ ಇದ್ದರು. ಇಡೀ ಕಟ್ಟಡದಲ್ಲಿ ಕನ್ನಡದ ಮನೆ ಅವರದು ಮತ್ತು ನನ್ನದು, ಎರಡೇ. ನಾನು ದಾವಣಗೆರೆಯಿಂದ ಗಂಡನ ಕೆಲಸದ ಹಿಂದೆ ಬಂದವಳು. ಒಂದು ಜಾಹೀರಾತು ಕಂಪನಿಯಲ್ಲಿ ಶಾಂಪೂವಿಗೂ ವಿಮಾನದ ಟಿಕೆಟ್ಟಿಗೂ ಇಂಟರ್‌ನೆಟ್ ಬ್ಯಾನರ್ ಮಾಡುತ್ತಿದ್ದೆ.

ಆಂಟಿ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ನಮ್ಮ ಜನಕ್ಕೆ ಇದು ಎಷ್ಟು ಕಷ್ಟವೆಂದು ಹೇಳಬೇಕಾಗಿಲ್ಲ. ನಾನು ಸೂಟ್‌ಕೇಸ್ ಹಿಡಿದು ಲಿಫ್ಟಿಗೆ ಬಂದರೆ ತಮಿಳು ಮನೆಯ ಅಕ್ಕ ಎಲ್ಲಿಗೆ, ಯಾಕೆ, ಎಷ್ಟು ದಿನ ಎಂದು ಮೂರು ಮಹಡಿ ಇಳಿಯುವುದರೊಳಗೆ ಪೂರ್ತಿ ವರದಿ ತೆಗೆಯುತ್ತಿದ್ದರು. ಆಂಟಿ ಮಾತ್ರ "ಮಕಾನ್ ಆಯ್ತಾ?" ಎಂದು, ಮಲಯ ಬೆರೆಸಿ, ಊಟವಾಯಿತೇ ಎಂದಷ್ಟೇ ಕೇಳಿ, ಆಯಿತೆಂದರೆ ನಕ್ಕು ಸುಮ್ಮನಾಗುತ್ತಿದ್ದರು.

ಪ್ರತಿ ಗುರುವಾರ ನಾಲ್ಕು ಗಂಟೆಗೆ ಅವರ ಮನೆಗೆ ಒಬ್ಬರು ಬರುತ್ತಿದ್ದರು. ವಯಸ್ಸಾದ ಗಂಡಸು, ತುಂಬುತೋಳಿನ ಬಿಳಿ ಅಂಗಿ, ಕೈಯಲ್ಲಿ ಮಾಮಕ್ ಹೋಟೆಲಿನಿಂದ ತಪಾವ್, ಎಂದರೆ ಪಾರ್ಸೆಲ್, ಮಾಡಿಸಿದ ತಿಂಡಿಯ ಪೊಟ್ಟಣ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋದರೆ ಐದೂಕಾಲಿಗೆ ಹೊರಗೆ. ಯಾರು, ಯಾವ ಜಾತಿ, ಏನು ಸಂಬಂಧ... ಕಟ್ಟಡದವರು ಉಪ್ಪು ಖಾರ ಹಚ್ಚಿ ನಾಲ್ಕಾರು ಕಥೆ ಕಟ್ಟಿದ್ದರು. ಒಂದು ಕಥೆ ನನ್ನದೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಆಗ ನಿರ್ವಹಣಾ ಸಮಿತಿಯ ಅಧ್ಯಕ್ಷರು ಗೇಟಿಗೆ ಹೊಸ ಆ್ಯಪ್ ತಂದರು. ಯಾರ ಮನೆಗೆ ಯಾರು ಬಂದರೂ ಹೆಸರು, ಗುರುತಿನ ಚೀಟಿಯ ನಂಬರು, ಫೋಟೋ, ಬಂದ ಹೊತ್ತು, ಹೋದ ಹೊತ್ತು ಎಲ್ಲ ದಾಖಲಾಗಿ, ಅಪಾರ್ಟ್‌ಮೆಂಟಿನ ಪ್ರತಿಯೊಬ್ಬರ ಫೋನಿನಲ್ಲೂ ಕಾಣುತ್ತಿತ್ತು. ಭದ್ರತೆಗಾಗಿ ಎಂದರು. ಆ ವರ್ಷದ ಸಭೆಯಲ್ಲಿ ಅಧ್ಯಕ್ಷರು ಪಟ್ಟಿಯನ್ನು ಪರದೆಯ ಮೇಲೆ ತೋರಿಸುತ್ತಾ, ಮೂರನೇ ಮಹಡಿಯ ಗುರುವಾರದ ಅತಿಥಿಗೆ ಹಾಜರಾತಿಯ ಬಹುಮಾನ ಕೊಡಬೇಕು ಎಂದು ತಮಾಷೆ ಮಾಡಿದರು. ಹೆಸರೂ ಮುಖವೂ ಗೋಡೆಯಷ್ಟು ದೊಡ್ಡದಾಗಿ ಕಾಣುತ್ತಿದ್ದವು. ಜನ ನಕ್ಕರು. ನಾನು ತಲೆ ತಗ್ಗಿಸಿದ್ದೆ, ಹೆಸರು ಓದಲಿಲ್ಲ. ಆದರೆ ನಗು ಬಂದಿತ್ತು, ನುಂಗಿಕೊಂಡೆ.

ಆಂಟಿ ಎದ್ದು ನಿಂತು ಇಂಗ್ಲಿಷಿನಲ್ಲಿ, "ಅವರು ಬರೋದು ನನ್ನ ಮನೆಗೆ, ನಿಮ್ಮ ಮನೆಗಲ್ಲ" ಎಂದರು. ನಗು ನಿಂತಿತು. ಆಂಟಿ ಕೈಚೀಲ ಎತ್ತಿಕೊಂಡು ಹೊರಟುಹೋದರು.

ಮುಂದಿನ ಗುರುವಾರ ಆ ಅತಿಥಿ ಬರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ನಾಲ್ಕು ಗಂಟೆಗೆ ಆಂಟಿ ಬಾಗಿಲು ತೆರೆದಿಟ್ಟು ಕುರ್ಚಿಯಲ್ಲಿ ಕೂತಿರುತ್ತಿದ್ದರು. ಮೂರನೆಯ ವಾರ ತಡೆಯಲಾಗದೆ ನಾನು ಒಳಗೆ ಹೋಗಿ ಕೂತೆ. "ಆ ಪಟ್ಟಿ ಹೋಗುವವರೆಗೆ ಬರುದಿಲ್ಲಂತೆ" ಎಂದರು. ನನ್ನ ಪಿತ್ತ ನೆತ್ತಿಗೇರಿತು. ನುಂಗಿಕೊಂಡಿದ್ದ ಆ ನಗುವಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದೂ ಇತ್ತೇನೋ... ಪಟ್ಟಿ ತೆಗೆಸಿಯೇ ತೆಗೆಸುತ್ತೇನೆ ಎಂದುಬಿಟ್ಟೆ.

ಹಾಗೆ ಶುರುವಾಯಿತು ನಮ್ಮ ಚಳವಳಿ. ಆರು ಜನ ಇದ್ದೆವು. ಅದೇ ಆ್ಯಪ್ ಹಾಕಿಸಿಕೊಂಡ ಬೇರೆ ಕಟ್ಟಡಗಳವರೂ ಜೊತೆಯಾದರು. ವಿಶೇಷ ಸಭೆ ಕರೆಸಲು ಮನೆ ಮಾಲೀಕರ ಸಹಿ ಬೇಕಿತ್ತು, ಸಹಿಗೆ ಮೊದಲು ಜನರಿಗೆ ವಿಷಯ ಮುಟ್ಟಬೇಕಿತ್ತು. ಟ್ಯೂಷನ್ ಟೀಚರ್, ದೇವಸ್ಥಾನದ ಭಜನೆ ಮಂಡಳಿ, ಕೇಕ್ ಮಾಡಿ ಮಾರುವವರು, ಹೀಗೆ ಯಾರ ವೆಬ್ ಪುಟ ಸಿಕ್ಕರೂ ಅದರ ತಲೆಯ ಮೇಲೆ ಹಾಕಬಹುದಾದ ಬ್ಯಾನರ್ ಮಾಡುವುದು ನನ್ನ ಪಾಲಿಗೆ ಬಂತು.

ಮೊದಲನೆಯದರಲ್ಲಿ ದೊಡ್ಡ ಬೀಗ, ಬೀಗದೊಳಗೆ ಕೆಂಪು ಕಣ್ಣು. ಆಂಟಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಬೀಗ ಎಂತಕ್ಕೆ ಮಾರಾಯ್ತಿ? ಬೀಗ ಕಳ್ಳನಿಗೆ. ನಮಗೆ ಕಳ್ಳನ ಹೆದರಿಕೆ ಅಲ್ಲ ಲಾ, ಬಾಗಿಲಲ್ಲಿ ನಿಂತು ಹಣಿಕಿ ಹಾಕುವವರ ಕಾಟ" ಎಂದರು, ಇಲ್ಲಿಯವರ ಹಾಗೆ ಮಾತಿಗೆ ಲಾ ಸೇರಿಸಿ. ಪೆನ್ಸಿಲ್ ತೆಗೆದುಕೊಂಡು ಹಳೆಯ ಕರೆಂಟ್ ಬಿಲ್ಲಿನ ಹಿಂದೆ ಅರ್ಧ ತೆರೆದ ಬಾಗಿಲೊಂದನ್ನು ಬರೆದರು. ಹೊರಗೆ ಎರಡು ಜೊತೆ ಚಪ್ಪಲಿ. ಕೆಳಗೆ ಒಂದು ಸಾಲು: ನನ್ನ ಮನೆಗೆ ಯಾರು ಬರುತ್ತಾರೆ? ನಾನು ಕರೆದವರು.

ಹತ್ತು ವರ್ಷ ಬ್ಯಾನರ್ ಮಾಡಿದವಳಿಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು. ಹೊಟ್ಟೆಕಿಚ್ಚೂ ಆಯಿತು. ಮಲಯ, ಇಂಗ್ಲಿಷ್, ಚೀನೀ, ತಮಿಳಿನಲ್ಲಿ ಆ ಸಾಲನ್ನು ಕೂರಿಸಿದೆ. ಕನ್ನಡದ್ದೂ ಒಂದು ಮಾಡಿದೆ, ಓದುವವರು ಎರಡೇ ಮನೆಯವರಾದರೂ. ಚಿತ್ರವನ್ನು ಹಳೆಯ ಫೋನಿನಲ್ಲೂ ಥಟ್ಟನೆ ತೆರೆಯುವಷ್ಟು ಹಗುರ ಮಾಡಿ, ಯಾರು ಬೇಕಾದರೂ ತಮ್ಮ ಪುಟಕ್ಕೆ ಅಂಟಿಸಿಕೊಳ್ಳುವ ಹಾಗೆ ನಾಲ್ಕು ಸಾಲಿನ ಕೋಡ್ ಕೊಟ್ಟೆ.

ಮೂರು ವಾರದಲ್ಲಿ ಬ್ಯಾನರ್ ದೂರದ ಮೆಲಾಕಾದವರೆಗೂ ಹೋಯಿತು. ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡುವ ಮಣಿಪಾಲದ ಡಾಕ್ಟರೊಬ್ಬರು ಕನ್ನಡದ್ದನ್ನೇ ಹಾಕಿಕೊಂಡಿದ್ದರು. ಉಬ್ಬಿಹೋಗಿದ್ದೆ. ಊಟವಾದ ಮೇಲೆ ಆಂಟಿಯ ಮನೆಗೆ ಓಡಿ, ಬ್ಯಾನರ್ ನೋಡಿದವರ ಲೆಕ್ಕವನ್ನು ಫೋನಿನಲ್ಲಿ ತೋರಿಸಿದೆ. ಯಾವ ಊರಿನಲ್ಲಿ ನೋಡಿದರು, ಎಷ್ಟು ಹೊತ್ತಿಗೆ, ಯಾವ ಫೋನಿನಲ್ಲಿ...

"ಇಲ್ಲಿ ನೋಡಿ ಆಂಟಿ, ನಮ್ಮ ಅಪಾರ್ಟ್‌ಮೆಂಟ್ ಪುಟದಲ್ಲಿ ಯಾರೋ ಒಬ್ರು ದಿನಾ ಮಧ್ಯಾಹ್ನ ಎರಡು ಗಂಟೆಗೆ ನೋಡ್ತಾರೆ. ತುಂಬಾ ಹಳೇ ಫೋನು ಪಾಪ. ಒಂದು ದಿನಾನೂ ತಪ್ಪಿಸಿಲ್ಲ."

ಆಂಟಿ ಮಜ್ಜಿಗೆಯ ಲೋಟ ಕೆಳಗಿಟ್ಟರು. "ಅದು ನಾನು" ಎಂದರು.

ಕಂಪನಿಯಲ್ಲಿ ಬ್ಯಾನರ್ ಎಂದರೆ ನೋಡಿದವರ ಬೆನ್ನು ಹತ್ತುವ ಕೋಡ್ ಜೊತೆಗೇ ಇರುತ್ತದೆ. ಅನ್ನಕ್ಕೆ ಉಪ್ಪು ಹಾಕುವಷ್ಟು ಸಲೀಸಾಗಿ ನನ್ನ ಕೈ ಅದನ್ನು ಇಲ್ಲಿಗೂ ಸೇರಿಸಿಬಿಟ್ಟಿತ್ತು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಎಂಬ ಹಾಗಾಗಿತ್ತು ನನ್ನ ಕಥೆ. ಆದರೂ ಸೋಲು ಒಪ್ಪಲಿಲ್ಲ, ವಾದಕ್ಕೆ ಇಳಿದೆ. "ಲೆಕ್ಕ ಇಡದೆ ಇದ್ರೆ ಕೆಲಸ ಆಗ್ತಿದೆಯೋ ಇಲ್ವೋ ಅಂತ ಹೇಗೆ ಗೊತ್ತಾಗತ್ತೆ ಆಂಟಿ?"

ಅವರು ಸಿಟ್ಟಾಗಲಿಲ್ಲ. ಎಕ್ಸ್‌ಚೇಂಜಿನ ಮಾತು ಹೇಳಿದರು. ಬೋರ್ಡಿನ ಮುಂದೆ ಪ್ರತಿ ಲೈನಿಗೂ ಒಂದು ಕೀ ಇರುತ್ತಿತ್ತಂತೆ. ಕೀ ಒತ್ತಿದರೆ ಆಪರೇಟರಿಗೆ ಮಾತು ಕೇಳುತ್ತದೆ. ಲೈನು ಸೇರಿಸಿದ ಕೂಡಲೇ ಕೀ ಬಿಟ್ಟುಬಿಡಬೇಕು. ಮಾತು ಮುಗಿಯಿತೋ ಇಲ್ಲವೋ ಎಂದು ಹೇಳಲು ದೀಪ ಇದೆ, ಕಿವಿ ಬೇಡ. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುತ್ತಿದ್ದದ್ದೇ ಅದು. ಆದರೂ ಒಮ್ಮೆ ಆಂಟಿ ಕೀ ಬಿಡಲಿಲ್ಲ. ಒಂದು ಹುಡುಗಿ ಯಾರದೋ ಜೊತೆ ಮಾತಾಡುತ್ತಿದ್ದಳು, ಕೇಳಲು ಚೆನ್ನಾಗಿತ್ತು. ಮರುದಿನ ಗೆಳತಿಯೊಬ್ಬಳ ಹತ್ತಿರ ನಗುತ್ತಾ ಹೇಳಿದರು. ಆ ಗೆಳತಿ ಇನ್ನೊಬ್ಬಳ ಹತ್ತಿರ... "ಆಮೇಲೆ ಆ ನಂಬರಿನಿಂದ ಆ ಹುಡುಗಿ ಒಮ್ಮೆಯೂ ಕಾಲ್ ಮಾಡಲಿಲ್ಲ" ಎಂದು ಹೇಳಿ, ಲೋಟ ತೊಳೆಯಲು ಒಳಗೆ ಹೋದರು.

ನಾನು ಎದ್ದು ಬಂದೆ. ಎರಡು ದಿನ ಅವರ ಮುಖ ನೋಡಲಿಲ್ಲ, ಸಿಟ್ಟು ನನ್ನ ಮೇಲೋ ಅವರ ಮೇಲೋ ತಿಳಿಯುತ್ತಿರಲಿಲ್ಲ. ಮೂರನೆಯ ದಿನ ಎಣಿಸುವ ಕೋಡನ್ನು ಕಿತ್ತುಹಾಕಿ, ಅದುವರೆಗೆ ಕೂಡಿಟ್ಟದ್ದನ್ನೆಲ್ಲ ಅಳಿಸಿ ಬಾಗಿಲು ತಟ್ಟಿದೆ. ಸದ್ದಿಲ್ಲದೆ ಸರಿಮಾಡಿದ್ದೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಆಂಟಿ, "ನೋಡಿದವರಿಗೆ ಹೇಳ್ಬೇಕಲ್ಲ ಆದ್ರೆ" ಎಂದರು.

ಹೇಳಿದೆವು. ಬ್ಯಾನರಿನ ಕೆಳಗೇ ಬರೆದೆ: ಈ ಬ್ಯಾನರ್ ಮೂರು ವಾರ ನಿಮ್ಮನ್ನು ಎಣಿಸಿತು, ತಪ್ಪು ನನ್ನದು, ಇನ್ನು ಎಣಿಸುವುದಿಲ್ಲ. ಅಧ್ಯಕ್ಷರು ಕಾಯುತ್ತಿದ್ದವರಂತೆ ಅದನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಖಾಸಗಿತನದ ವೀರರ ಬಣ್ಣ ಬಯಲಾಯಿತು ಎಂದು ಕುಣಿದರು. ಮೂವರು ಕೊಟ್ಟ ಸಹಿ ವಾಪಸ್ ಪಡೆದರು. ನಾನು ಮನೆಯಲ್ಲಿ ಕೂತು ಅತ್ತೆ. ಆಂಟಿ ಬಂದು ಬಾಗಿಲಲ್ಲಿ ನಿಂತರು. "ಏಳು. ಅಳುದು ಆಮೇಲೆ ಮಾಡುವ. ಮೇಲಿನ ಮಹಡಿಯಿಂದ ಶುರು ಮಾಡುವ, ಇಳಿಲಿಕ್ಕೆ ನನ್ನ ಮೊಣಕಾಲಿಗೆ ಸುಲಭ."

ಹನ್ನೆರಡನೇ ಮಹಡಿಯಿಂದ ಮನೆ ಮನೆಗೆ ಇಳಿಯುತ್ತಾ ಬಂದೆವು. ಬೈದವರಿದ್ದರು, ಬಾಗಿಲು ತೆರೆಯದವರಿದ್ದರು. ಲಿಫ್ಟಿನ ಆ ತಮಿಳು ಅಕ್ಕ ನಮ್ಮನ್ನು ಕೂರಿಸಿ ಕಾಫಿ ಕೊಟ್ಟು, ಪಟ್ಟಿ ಹೋದರೆ ತನಗೆ ಹೊತ್ತು ಹೋಗುವುದು ಕಷ್ಟ ಎಂದು ನಗುತ್ತಲೇ ಸಹಿ ಹಾಕಿದರು. ಅಷ್ಟು ಮನೆಗಳಲ್ಲಿ ಒಂದರಲ್ಲೂ ಆಂಟಿ ತಮ್ಮ ಗುರುವಾರದ ಮಾತು ಎತ್ತಲಿಲ್ಲ. ಎತ್ತಿದ್ದರೆ ಹತ್ತು ಸಹಿ ಹೆಚ್ಚು ಬರುತ್ತಿತ್ತು ಎಂದು ನಾನು ಗೊಣಗಿದೆ, ಅವರು ಕೇಳಿಸದವರಂತೆ ಮುಂದಿನ ಬೆಲ್ ಒತ್ತಿದರು.

ಸಾಕಷ್ಟು ಸಹಿ ಸೇರಿ ಕರೆದ ವಿಶೇಷ ಸಭೆಯ ದಿನ ಮತಕ್ಕೆ ಹಾಕಿದಾಗ ಆಂಟಿ ಎತ್ತಿದ ಕೈಯನ್ನು ಎಣಿಕೆ ಮುಗಿಯುವವರೆಗೂ ಇಳಿಸಲಿಲ್ಲ. ನಾವು ಗೆದ್ದೆವು. ಇನ್ನು ಮುಂದೆ ಬಂದವರ ವಿವರ ಕಾವಲಿನವರಿಗೆ ಮಾತ್ರ, ಅದನ್ನೂ ಅದೇ ದಿನ ಅಳಿಸಬೇಕು ಎಂದು ತೀರ್ಮಾನವಾಯಿತು.

ಮುಂದಿನ ಗುರುವಾರ ನಾಲ್ಕಕ್ಕೆ ನಾನು ಮನೆಯ ಮುಂದೆ ಗಿಡಕ್ಕೆ ನೀರು ಹಾಕುತ್ತಿದ್ದೆ. ಬೇಕೆಂದೇ ಹಾಕುತ್ತಿದ್ದೆ, ಸುಳ್ಳೇಕೆ. ಲಿಫ್ಟ್ ನಮ್ಮ ಮಹಡಿಗೆ ಬಂದು ನಿಂತ ಸದ್ದು ಕೇಳಿತು. ಬಾಗಿಲು ತೆರೆಯುವ ಮೊದಲೇ ನೀರಿನ ಮಗ್ ಅಲ್ಲೇ ಇಟ್ಟು ಒಳಗೆ ಬಂದು ಬಾಗಿಲು ಹಾಕಿಕೊಂಡೆ. ಅಂದಿನಿಂದ ಗುರುವಾರ ಆ ಹೊತ್ತಿಗೆ ನಾನು ಹೊರಗೆ ಬರಲಿಲ್ಲ. ಆ ಅತಿಥಿ ಮತ್ತೆ ಬಂದರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಆಂಟಿಯೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮರುವರ್ಷ ಆಂಟಿ ಹೋಗಿಬಿಟ್ಟರು. ಮೂರು ದಿನದ ಜ್ವರ, ಅಷ್ಟೇ... ಚಿತಾಗಾರದಲ್ಲಿ ಬಿಳಿ ಅಂಗಿಯ ವಯಸ್ಸಾದವರು ಐದಾರು ಜನ ಇದ್ದರು. ನಾನು ಯಾರ ಮುಖವನ್ನೂ ನೋಡಲಿಲ್ಲ.

ನಿನ್ನೆ ಅಪಾರ್ಟ್‌ಮೆಂಟಿನ ಕಚೇರಿಯಿಂದ ಕರೆ ಬಂತು, ಹೋದೆ. ಈಗ ನಾನೂ ಸಮಿತಿಯಲ್ಲಿದ್ದೇನೆ. ಹಳೆಯ ಆ್ಯಪ್ ಕಂಪನಿಯನ್ನು ಬಿಟ್ಟು ಹೊಸದಕ್ಕೆ ಹೋಗುವಾಗ ಕಾರ್ಯದರ್ಶಿಗೆ ಒಂದು ಸಂಗತಿ ಸಿಕ್ಕಿದೆ. ಆ ಕಂಪನಿಯವರು ಏನನ್ನೂ ಅಳಿಸಿಯೇ ಇರಲಿಲ್ಲ. ಅಷ್ಟೂ ವರ್ಷಗಳ ಹೆಸರು, ಮುಖ, ಹೊತ್ತು, ಎಲ್ಲ ಹಾಗೇ ಇದೆ. ಮೈಯೆಲ್ಲ ಉರಿಯಿತು. ಇದನ್ನು ಎಲ್ಲ ನಿವಾಸಿಗಳಿಗೂ ತಿಳಿಸುವ ಸೂಚನೆಯನ್ನು ಅಲ್ಲೇ ಕೂತು ಬರೆದು ಕಳಿಸಿದೆವು. ಅಳಿಸಲು ಸಮಿತಿಯ ಇನ್ನಿಬ್ಬರ ಒಪ್ಪಿಗೆಯೂ ಬಂತು.

ಕಾರ್ಯದರ್ಶಿ ಒಳ್ಳೆಯ ಹುಡುಗಿ. ಮನೆ ನಂಬರಿನ ಪ್ರಕಾರ ಪಟ್ಟಿ ತೆರೆದಿದ್ದಳು. "ಆಂಟಿ, ಯಾರದಾದ್ರೂ ನೋಡ್ಬೇಕಾ? ಒಂದ್ಸಲ ಅಳಿಸಿದ್ರೆ ಹೋಯ್ತು ಲಾ" ಎಂದು ಇಂಗ್ಲಿಷಿನಲ್ಲೇ ನನ್ನನ್ನು ಕೇಳಿದಳು. ಎದುರು ಮನೆಯ ನಂಬರು ಪರದೆಯ ಮೇಲಿತ್ತು. ಅದರ ಮೇಲೆ ಬೆರಳಿಟ್ಟರೆ ಗೆದ್ದ ಮೇಲಿನ ಗುರುವಾರಗಳು ತೆರೆದುಕೊಳ್ಳುತ್ತಿದ್ದವು. ಅಂದು ಲಿಫ್ಟಿನಿಂದ ಇಳಿದವರು ಯಾರು, ನಾವು ಅಷ್ಟೆಲ್ಲ ಹೊಡೆದಾಡಿದ್ದಕ್ಕೆ ಆ ಕುರ್ಚಿ ತುಂಬಿತೋ ಇಲ್ಲವೋ, ಆಂಟಿ ಸಂತೋಷವಾಗಿ ಹೋದರೋ... ಎಲ್ಲ ಅಲ್ಲೇ ಇತ್ತು. ತಿಳಿಯಬೇಕೆಂಬ ಆಸೆಗೆ ನನ್ನ ಬೆರಳು ಪರದೆಯ ಹತ್ತಿರದವರೆಗೂ ಹೋಗಿತ್ತು.

ಬೇಡ, ಅಳಿಸು ಎಂದೆ. ಅವಳು ಇನ್ನೊಮ್ಮೆ ನನ್ನ ಮುಖ ನೋಡಿದಳು. ಅವಳು ಬಟನ್ ಒತ್ತಿ, ಪಟ್ಟಿ ಪೂರ್ತಿ ಖಾಲಿಯಾಗುವವರೆಗೂ ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಮೆಟ್ಟಿಲ ಮೇಲೆ ಕೂತು, ಆಂಟಿ ಸತ್ತ ದಿನ ಅಳದಷ್ಟು ಅತ್ತೆ.