ಸತ್ತವರಿಂದ ಬೆಂದವರಿಗೊಂದು ಹೊದಿಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಪುಟ್ಟ ಮನೆಯೊಂದರಲ್ಲಿ ಎಲ್ಲರೂ ‘ಪಟ್ಟಿ ಅಕ್ಕ’ ಎಂದೇ ಕರೆಯುವ ಮಹಿಳೆ ಒಬ್ಬ ಅಜ್ಜಿಯ ತೊಡೆಗೆ ಬ್ಯಾಂಡೇಜ್ ಸುತ್ತುತ್ತಿದ್ದಾರೆ. ಅಜ್ಜಿ ನಡುರಾತ್ರಿ ತೀರಿಕೊಂಡಿದ್ದಾರೆ. ಮಗ್ಗುಲು ಬದಲಿಸುವಾಗ ಅಕ್ಕ ಮೆಲ್ಲಗೆ, “ಸ್ವಲ್ಪ ತಿರುಗಿ ಅಮ್ಮಾ” ಎನ್ನುತ್ತಾರೆ. ತಲೆದೆಸೆಯಲ್ಲಿ ಸೊಸೆ ಕೂತಿದ್ದಾಳೆ. ಮನೆಯವರೊಬ್ಬರು ಒಳಗಿರಲೇಬೇಕು ಎಂಬುದು ಅಕ್ಕನದೇ ನಿಯಮ; ಬಾಗಿಲು ಮುಚ್ಚಿದರೆ ಹೊರಗೆ ಇಲ್ಲದ ಕಥೆ ಹುಟ್ಟುತ್ತದೆ.

ಆಸ್ಪತ್ರೆಯ ಸ್ಕಿನ್ ಬ್ಯಾಂಕಿಗಾಗಿ ದಾನಿಗಳ ಚರ್ಮ ತೆಗೆಯುವುದು ಅವರ ಕೆಲಸ. “ಮೈಯೆಲ್ಲ ಸುಲಿದುಬಿಡ್ತೀವಿ ಅಂತ ಜನ ಹೆದರ್ತಾರೆ. ನಾವು ತಗೊಳ್ಳೋದು ಈರುಳ್ಳಿ ಸಿಪ್ಪೆಯಷ್ಟು ತೆಳು. ಬೆನ್ನು, ತೊಡೆ, ಕಾಲು ಅಷ್ಟೇ. ಮುಖ ಮುಟ್ಟಲ್ಲ.”

ಚರ್ಮವೆಂದರೆ ಒಂದೇ ಹಾಳೆಯಲ್ಲ. ತೆಳುವಾದ ಹೊರಪದರದ ಕೆಳಗೆ ರಕ್ತನಾಳ, ನರ, ಬೆವರಿನ ಗ್ರಂಥಿಗಳಿರುವ ಒಳಚರ್ಮ. ಅದಕ್ಕೂ ಕೆಳಗೆ ಕೊಬ್ಬು. ಹೊರಪದರ ಸುಟ್ಟುಹೋದರೆ ನರದ ತುದಿಗಳು ಬಯಲಿಗೆ ಬಿದ್ದು, ಫ್ಯಾನಿನ ಗಾಳಿ ತಾಗಿದರೂ ಜೀವ ಹೋದಂತಾಗುತ್ತದೆ. ಮೈಯ ನೀರು ಒಸರಿಹೋಗುತ್ತದೆ, ಸೋಂಕು ಒಳಹೊಗುತ್ತದೆ. ಆಗ ಸತ್ತವರ ಚರ್ಮ ಹೊದಿಕೆಯಾಗುತ್ತದೆ. ಕೆಲವು ವಾರ ಕಳೆದರೆ ದೇಹ ಅದನ್ನು ಪರರದ್ದೆಂದು ಗುರುತಿಸಿ ಉದುರಿಸುತ್ತದೆ; ಅಷ್ಟರಲ್ಲಿ ಅಡಿಯಲ್ಲಿ ಸ್ವಂತ ಚರ್ಮ ಬೆಳೆಯಲು ಹೊತ್ತು ಸಿಕ್ಕಿರುತ್ತದೆ. “ಬಾಡಿಗೆ ಮನೆ ಇದ್ದಂಗೆ. ಸ್ವಂತದ್ದು ಆಗೋವರೆಗೆ ತಲೆಮೇಲೊಂದು ಸೂರು,” ಎಂದು ಅಕ್ಕ ನಗುತ್ತಾರೆ.

ಆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಈ ವರ್ಷದ ಆರಂಭದಲ್ಲಿ ಅವರ ಸ್ವಂತ ಅಣ್ಣ ಹೃದಯಾಘಾತದಿಂದ ಹೋದರು. ಪರರ ಮನೆಯಲ್ಲಿ ಕೇಳುವ ಚರ್ಮದಾನವನ್ನು ಅಂದು ಅತ್ತಿಗೆಯ ಮುಂದೆ ನಿಂತು ಕೇಳಬೇಕಾಯಿತು. ಅತ್ತಿಗೆ ಶೂನ್ಯವನ್ನು ನೋಡುತ್ತಾ ಹೂಂ ಎಂದು ತಲೆಯಾಡಿಸಿದರು. ಅಕ್ಕನೇ ತೆಗೆದರು. ಚಿಕ್ಕಂದಿನಲ್ಲಿ ತನ್ನನ್ನು ಉಪ್ಪುಮೂಟೆ ಹೊತ್ತ ಬೆನ್ನು ಅದು.

“ಒಡಹುಟ್ಟಿದವನನ್ನೂ ಬಿಡಲಿಲ್ಲ” ಎಂದು ನೆಂಟರು ಆಡಿಕೊಂಡರು. ಅತ್ತಿಗೆ ಮಾತು ಬಿಟ್ಟರು. ಹೆತ್ತವರು ಹೋದಮೇಲೆ ಅಕ್ಕನಿಗೆ ತವರೆಂದು ಉಳಿದಿದ್ದು ಅದೊಂದೇ ಮನೆ. ಎರಡು ಸಲ ಹೋದಾಗಲೂ ಕದ ತೆರೆಯಲಿಲ್ಲ. ಅಕ್ಕನಿಗೆ ಬೇಕಾಗಿದ್ದುದು ಸನ್ಮಾನವಲ್ಲ, ಆ ಮನೆಯಿಂದ ಒಂದು ಮಾತು.

ಕೆಡದಂತೆ ಗ್ಲಿಸರಿನ್‌ನಲ್ಲಿ ವಾರಗಟ್ಟಲೆ ಇಟ್ಟು, ಪರೀಕ್ಷೆಯೆಲ್ಲ ಮುಗಿದ ಮೇಲೆ ಅಣ್ಣನ ಚರ್ಮ, ಕಾದ ಎಣ್ಣೆ ಬಿದ್ದು ಎದೆ ಸುಟ್ಟುಕೊಂಡಿದ್ದ ಹೋಟೆಲ್ ಅಡುಗೆಯವನೊಬ್ಬನಿಗೆ ಹೋಯಿತು. ಚರ್ಮವಿದ್ದ ಜಾಡಿ ಒಯ್ದು ಕೊಟ್ಟವರೂ ಅಕ್ಕನೇ. ಚರ್ಮ ಹಿಡಿದುಕೊಂಡಿತು. ಆದರೆ ಸೋಂಕು ಮೊದಲೇ ರಕ್ತಕ್ಕೆ ಇಳಿದಿತ್ತು. ಅವನು ಉಳಿಯಲಿಲ್ಲ.

ಕಳೆದ ವಾರ ಅತ್ತಿಗೆಯ ಫೋನು ಬಂತು. ಕುಶಲ ಕೇಳಲಿಲ್ಲ, ಅವರ ಚರ್ಮ ಯಾರಿಗಾದರೂ ಹಾಕಿದಿರಾ, ಆ ಜೀವ ಉಳಿಯಿತಾ ಎಂದಷ್ಟೇ ಕೇಳಿದರು. ಚರ್ಮ ಪಡೆದವರ ಹೆಸರು ಹೇಳುವಂತಿಲ್ಲ. ಉಳಿದರು ಎಂದು ಸುಳ್ಳಾಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಇಲ್ಲ ಅತ್ತಿಗೆ, ಉಳೀಲಿಲ್ಲ ಅಂದೆ. ಆದ್ರೆ ಅಣ್ಣನ ಚರ್ಮ ಹೊದಿಸಿದ ಮೇಲೆ ಚೀರೋದು ನಿಂತಿತು, ಕೊನೇ ದಿನಗಳಲ್ಲಿ ನಿದ್ದೆ ಮಾಡಿದ್ರು ಅಂದೆ.”

ಅದಕ್ಕೆ ಅತ್ತಿಗೆ ಹೇಳಿದ್ದು ಇಷ್ಟು: “ನಿದ್ದೆ ಬಂತಲ್ಲ. ನಾಳೆ ಮನೆಗೆ ಬಾ.”