ಕೊನೆಯ ಪುಟದ ನಂಬರು

ಕಾಲೇಜಿನಲ್ಲಿ ಅವಳಿಗೆ ‘ಶ್ ಮೇಡಂ’ ಎಂದೇ ಹೆಸರು. ಹನ್ನೊಂದು ವರ್ಷದಿಂದ ಗ್ರಂಥಾಲಯ ನೋಡಿಕೊಂಡು, ತುಟಿಗೆ ಬೆರಳಿಟ್ಟೇ ದಿನ ಕಳೆದವಳು. ಈಗೀಗ ಸುಮ್ಮನಿರಿ ಎನ್ನಲೂ ಅಲ್ಲಿ ಜನ ಇರುತ್ತಿರಲಿಲ್ಲ. “ಹುಡುಗರು ಬರದಿದ್ದರೆ ಓದುವ ಕೋಣೆಯನ್ನು ಪರೀಕ್ಷಾ ವಿಭಾಗಕ್ಕೆ ಕೊಟ್ಟುಬಿಡ್ತೀನಿ” ಎಂದು ಪ್ರಿನ್ಸಿಪಾಲರು ಹೇಳಿದ ದಿನವೇ ತಂಗಿಯ ಮಗಳು ಅವಳಿಗೊಂದು ಇನ್‌ಸ್ಟಾಗ್ರಾಂ ಪುಟ ತೆರೆದುಕೊಟ್ಟಳು.

“ಹೊಸ ಪುಸ್ತಕದ ಮುಖಪುಟ ಹಾಕಿದರೆ ಒಂದು ನೊಣವೂ ಬರಲ್ಲ ದೊಡ್ಡಮ್ಮ. ವಾಪಸ್ ಬಂದ ಪುಸ್ತಕದೊಳಗೆ ಏನೇನು ಸಿಗುತ್ತೋ ಅದನ್ನ ಹಾಕು.”

ಬಸ್ ಟಿಕೆಟು, ಒಣಗಿದ ಎಲೆ, ಒಂದು ಹೇರ್‌ಪಿನ್ನು. ನೋಡುವವರು ಹೆಚ್ಚಿದರು. ನಿನ್ನೆ ಸಂಜೆ ಅರ್ಥಶಾಸ್ತ್ರದ ಪುಸ್ತಕವೊಂದರ ಕೊನೆಯ ಪುಟದಲ್ಲಿ ಮಡಚಿದ ಹಾಳೆ ಸಿಕ್ಕಿತ್ತು. ದುಂಡು ಅಕ್ಷರದಲ್ಲಿ ಸುಲಭದ ಇಂಗ್ಲಿಷ್ ಪದಗಳು, ಎದುರಿಗೆ ಮನೆಮಾತಿನ ಅರ್ಥ. ಇದ್ದಲ್ಲೇ ಬಿಡಿಸಿ ಫೋಟೋ ತೆಗೆದು, ‘ಇದು ಯಾರದ್ದು?’ ಎಂದು ಹಾಕಿದಳು.

ಬೆಳಿಗ್ಗೆ ನೋಡಿದರೆ ಮುನ್ನೂರು ನಗುಮುಖ. ‘ಒಂದನೇ ಕ್ಲಾಸಿನವರು ಡಿಗ್ರಿಗೆ ಹೇಗೆ ಬಂದ್ರಪ್ಪ!’ ಅದರ ಕೆಳಗೆ ಇನ್ನೊಬ್ಬ: ‘ದೊಡ್ಡದು ಮಾಡಿ ನೋಡ್ರೋ, ನಂಬರ್ ಕಾಣ್ತಿದೆ.’

ಅವಳೂ ಫೋಟೋ ದೊಡ್ಡದು ಮಾಡಿದಳು. ಹಾಳೆಯ ಅಂಚಿನಾಚೆ, ಪುಸ್ತಕಕ್ಕೆ ಅಂಟಿಸಿದ, ತಾರೀಖು ಒತ್ತುವ ಚೀಟಿ. ಅದರ ಕೊನೆಯ ಸಾಲಿನಲ್ಲಿ ಅವಳೇ ಬರೆದ ಸದಸ್ಯರ ಸಂಖ್ಯೆ, ನಾನೂರ ಹದಿನೇಳು. ಅಳಿಸಿದಳು. ಅಷ್ಟರಲ್ಲಿ ಅದು ಎಷ್ಟು ಫೋನುಗಳಿಗೆ ಹೋಗಿತ್ತೋ.

ಗ್ರಂಥಾಲಯಕ್ಕೆ ಬಂದರೆ, ಆ ನಂಬರಿನ ಹುಡುಗಿ ಕಿಟಕಿ ಪಕ್ಕದಲ್ಲೇ ಕೂತಿದ್ದಳು. ಮೊದಲ ವರ್ಷದವಳು, ಯಾರೂ ಬರದ ದಿನಗಳಲ್ಲೂ ತಪ್ಪದೆ ಬಂದವಳು. ಮುಂದೆ ಪುಸ್ತಕ ತೆರೆದಿತ್ತು, ಪುಟ ಮಾತ್ರ ತಿರುಗುತ್ತಿರಲಿಲ್ಲ.

ಹತ್ತು ಗಂಟೆಗೆ ಬಾಗಿಲಲ್ಲಿ ಗದ್ದಲ. ಇತ್ತ ತಲೆಹಾಕದವರೆಲ್ಲ ಬಂದು ಕೌಂಟರಿಗೆ ಮುತ್ತಿದರು. ಇಂಥದೊಂದು ಗುಂಪಿಗಾಗಿ ಅವಳು ಒಂದು ವರ್ಷ ಕಾದಿದ್ದಳು.

“ಮೇಡಂ, ನಾನೂರ ಹದಿನೇಳು ಯಾರು? ರಿಜಿಸ್ಟರ್ ನೋಡಿ ಹೇಳಿ, ಪ್ಲೀಸ್.”

ಕಿಟಕಿಯ ಬಳಿ ಕುರ್ಚಿ ಕಿರ್ರೆಂದಿತು. ಅವಳು ಆ ಕಡೆ ನೋಡಲಿಲ್ಲ. ನೋಡಿದರೆ ಇವರೂ ನೋಡುತ್ತಾರೆ.

“ಅದು ನಂದೇ” ಎಂದಳು.

“ನಿಮ್ದಾ? ಈ ಪದಗಳೆಲ್ಲ ನಿಮಗೆ...”

“ಗೊತ್ತಿರಲಿಲ್ಲ. ಬರೆದುಕೊಂಡು ಕಲಿತೆ. ನಗೋದಾದರೆ ಮೆತ್ತಗೆ ನಗ್ರಪ್ಪ, ಓದುವವರಿದ್ದಾರೆ.”

ಒಬ್ಬ ಕಿಸಕ್ಕೆಂದ. “ಶ್ ಮೇಡಂಗೇ ಬರಲ್ವಂತೆ ಕಣ್ರೋ!” ನಗು ಹೊರಗಿನ ಮೆಟ್ಟಿಲಿಳಿಯುವವರೆಗೂ ಕೇಳಿಸುತ್ತಿತ್ತು.

ಹುಡುಗಿ ಬಂದು ಪುಸ್ತಕ ಮುಂದಿಟ್ಟಳು.

“ನನ್ನ ಹಾಳೆ ಕೊಡ್ತೀರಾ ಮೇಡಂ?”

ಡ್ರಾಯರಿನಿಂದ ತೆಗೆದು ಕೊಟ್ಟಳು. “ತಪ್ಪು ನಂದು ಕಣಮ್ಮ.”

ಹುಡುಗಿ ಪರವಾಗಿಲ್ಲ ಎನ್ನಲಿಲ್ಲ. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿಟ್ಟುಕೊಂಡು, “ಈ ಪುಸ್ತಕ ಎರಡು ವಾರಕ್ಕೆ ಬೇಕಿತ್ತು” ಎಂದಳಷ್ಟೆ.

ಅವಳು ಚೀಟಿಯ ಮೇಲೆ ತಾರೀಖು ಒತ್ತಿದಳು. ನಂಬರಿನ ಜಾಗ ಖಾಲಿ ಬಿಟ್ಟಳು.