ಹಳೆಯ ದಾರಿಗಳನ್ನು ಅಳಿಸಿದ ದಿನ

ಎರಡು ವರ್ಷದ ಹಿಂದಿನ ಮಾತು. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ಕಂಪ್ಯೂಟರ್ ಕೋಣೆಯ ಜವಾಬ್ದಾರಿಯೂ ನನ್ನದೇ. ಅಲ್ಲಿರುವುದು ಆರು ಕಂಪ್ಯೂಟರ್, ಎಲ್ಲದರಲ್ಲೂ ವಿಂಡೋಸ್ ಬದಲು ಲಿನಕ್ಸ್. ನನಗೆ ಯಾರೂ ಕಲಿಸಿದ್ದಲ್ಲ, ಕೆಡಿಸಿ ಸರಿಮಾಡುತ್ತಾ ಕಲಿತದ್ದು.

ಸಮಾಜ ವಿಜ್ಞಾನದ ನಾರಾಯಣಸ್ವಾಮಿ ಮೇಷ್ಟ್ರು ನನಗಿಂತ ಇಪ್ಪತ್ತು ವರ್ಷ ಹಿರಿಯರು. ಕೆಲವು ವರ್ಷಗಳಿಂದ ಮಂಜಾಗುತ್ತಿದ್ದ ಅವರ ಕಣ್ಣು ಆ ವರ್ಷ ಪೂರ್ತಿಯಾಗಿ ಹೋಯಿತು. ಪಾಠಕ್ಕೇನೂ ತೊಂದರೆಯಾಗಲಿಲ್ಲ, ಎಲ್ಲವೂ ಅವರ ಬಾಯಲ್ಲೇ ಇತ್ತು. ಆದರೆ ಒಂದು ಪ್ರಶ್ನೆಪತ್ರಿಕೆ ಮಾಡಬೇಕಾದರೂ ಇನ್ನೊಬ್ಬರನ್ನು ಕೇಳಬೇಕಿತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ, "ಸ್ವಯಂ ನಿವೃತ್ತಿಗೆ ಅರ್ಜಿ ಬರೆಸಿದೀನಮ್ಮ. ಸೋಮವಾರ ಕೊಟ್ಬಿಡ್ತೀನಿ" ಅಂದರು.

"ಅದಕ್ಕೆ ಮುಂಚೆ ಶನಿವಾರ ಸ್ಕೂಲು ಬಿಟ್ಮೇಲೆ ಕಂಪ್ಯೂಟರ್ ರೂಮಿಗೆ ಬನ್ನಿ ಸಾರ್. ಬರೆದಿದ್ದನ್ನ ಕನ್ನಡದಲ್ಲೇ ಓದಿ ಹೇಳೋದು ಒಂದಿದೆ" ಅಂದೆ.

ಆ ಓದುವ ತಂತ್ರಾಂಶವನ್ನು ಬೇರೊಂದು ಫೋಲ್ಡರಿನಲ್ಲಿ ಹಾಕಿದ್ದೆ. ನನ್ನ ಲಾಗಿನ್‌ನಲ್ಲಿ ಚೆನ್ನಾಗಿ ಓದುತ್ತಿತ್ತು. ಮೇಷ್ಟ್ರಿಗೆಂದು ಮಾಡಿದ ಲಾಗಿನ್‌ನಲ್ಲಿ ಮಾತ್ರ ಮೌನ. ಯಾವ ಯಾವ ಫೋಲ್ಡರಿನಲ್ಲಿ ಕಮಾಂಡು, ತಂತ್ರಾಂಶಗಳನ್ನು ಹುಡುಕಬೇಕು ಅನ್ನುವುದನ್ನು ಕಂಪ್ಯೂಟರ್ 'ಪಾತ್', ಅಂದರೆ ದಾರಿ, ಎಂಬ ಹೆಸರಿನಲ್ಲಿ ಇಟ್ಟುಕೊಂಡಿರುತ್ತದೆ. ಇಂಥ ಹೆಸರುಗಳಿಗೆ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನುತ್ತಾರೆ. ನನ್ನ ಖಾತೆಗೆ ಮಾತ್ರ ಬರೆದುಕೊಂಡರೆ ಬೇರೆಯವರಿಗೆ ಸಿಗುವುದಿಲ್ಲ. ಎಲ್ಲರಿಗೂ ಸಿಗಬೇಕಾದರೆ ಇಡೀ ಸಿಸ್ಟಮ್ಮಿಗೆ ಸೇರಿದ /etc/environment ಎಂಬ ಫೈಲಿನಲ್ಲಿ ಬರೆಯಬೇಕು. ಶನಿವಾರ ಮೇಷ್ಟ್ರು ಬರುವ ಹತ್ತು ನಿಮಿಷ ಮುಂಚೆ ಅವಸರದಲ್ಲಿ ಅದನ್ನು ಬರೆದು, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ.

ಹೆಂಡತಿಯ ಕೈ ಹಿಡಿದು ಮೇಷ್ಟ್ರು ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ಅವರನ್ನು ಕೂರಿಸಿ, ಆಕೆ ಹೊರಗೆ ಬೆಂಚಿನ ಮೇಲೆ ಕೂತರು. ನಾನು ಪಾಸ್‌ವರ್ಡ್ ಒತ್ತಿದೆ. ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಪಾಸ್‌ವರ್ಡನ್ನೇ ಕೇಳಿತು. ಇನ್ನೊಮ್ಮೆ ಒತ್ತಿದೆ, ಅದೇ ಆಯಿತು. ನನ್ನ ಖಾತೆಯೂ ತೆರೆಯಲಿಲ್ಲ.

"ಏನಾಯ್ತಮ್ಮ?" ಅಂದರು ಮೇಷ್ಟ್ರು.

"ಕರೆಂಟ್ ಹೋಯ್ತು ಸಾರ್" ಅಂದುಬಿಟ್ಟೆ.

ಅವರು ತಲೆ ಮೇಲೆತ್ತಿ ಕಿವಿಗೊಟ್ಟರು. ಆಮೇಲೆ ಮೆಲ್ಲಗೆ, "ಫ್ಯಾನ್ ತಿರುಗ್ತಾ ಇದೆಯಲ್ಲಮ್ಮ" ಅಂದರು.

ಅವರ ಮುಖ ನೋಡಲಾಗಲಿಲ್ಲ. ಅವರಿಗೆ ಕಾಣುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಆ ಮಾತು ನನ್ನ ಬಾಯಿಂದ ಬಂದಿತ್ತು. "ಸುಳ್ಳು ಹೇಳಿದೆ ಸಾರ್. ನಾನೇ ಏನೋ ಕೆಡಿಸಿಬಿಟ್ಟಿದೀನಿ" ಅಂದೆ.

"ಪರ್ವಾಲೇದಮ್ಮಾ" ಅಂದರು, ಪರವಾಗಿಲ್ಲ ಅನ್ನುವುದನ್ನು ತೆಲುಗಿನಲ್ಲಿ. "ಏನ್ ಬರೆದ್ರಿ ಹೇಳಿ. ಮೊದ್ಲು ಅಲ್ಲಿ ಏನಿತ್ತು?"

"ಒಂದಷ್ಟು ಫೋಲ್ಡರುಗಳ ದಾರಿ ಇತ್ತು ಸಾರ್. ನಮ್ಮ ಹೊಸ ಫೋಲ್ಡರಿನ ದಾರಿ ಹಾಕಿದೆ."

"ಹಳೇವು?"

"ಅವನ್ನ ಅಳಿಸ್ಬಿಟ್ಟೆ ಸಾರ್."

"ಹಳೇ ದಾರಿನೆಲ್ಲ ಅಳಿಸಿ ಹೊಸದೊಂದೇ ಬರೆದ್ರೆ ಮಿಕ್ಕಿದ್ದನ್ನ ಅದು ಎಲ್ಲಿ ಅಂತ ಹುಡುಕುತ್ತಮ್ಮ?"

ಕಂಪ್ಯೂಟರ್ ಮುಟ್ಟಿಯೇ ನೋಡದ ಸಮಾಜ ವಿಜ್ಞಾನದ ಮೇಷ್ಟ್ರು ನನ್ನ ತಪ್ಪನ್ನು ಅಷ್ಟು ಸರಿಯಾಗಿ ಹಿಡಿದಿದ್ದರು. ಹೊಸದನ್ನು ಹಳೆಯದರ ಕೊನೆಗೆ ಸೇರಿಸಬೇಕಿತ್ತು.

ಕಂಟ್ರೋಲ್, ಆಲ್ಟ್, ಎಫ್ 3 ಒಟ್ಟಿಗೆ ಒತ್ತಿದಾಗ ಬರೀ ಅಕ್ಷರಗಳ ಕಪ್ಪು ಪರದೆ ಬಂತು. ಅಲ್ಲಿ ಲಾಗಿನ್ ಆಯಿತು, ಆದರೆ ಯಾವ ಕಮಾಂಡ್ ಕೊಟ್ಟರೂ ಸಿಗಲಿಲ್ಲ ಅನ್ನುತ್ತಿತ್ತು. ಕೊನೆಗೆ ಕಮಾಂಡಿನ ಹೆಸರಿಗಿಂತ ಮೊದಲು ಅದು ಇರುವ ಫೋಲ್ಡರನ್ನೂ ಪೂರ್ತಿಯಾಗಿ ಬರೆದೆ. ಫೈಲು ತೆರೆಯಿತು. ಅಳಿಸಿದ್ದ ಸಾಲು ನನಗೆ ನೆನಪಿರಲಿಲ್ಲ. ಎದುರು ಗೋಡೆಯ ಕಡೆ ನಾನು ಮುಟ್ಟದೆ ಬಿಟ್ಟಿದ್ದ ಕಂಪ್ಯೂಟರಿನಲ್ಲಿ ಅದೇ ಸಾಲು ಇತ್ತು.

"ಅಲ್ಲಿಂದ ಜೋರಾಗಿ ಒಂದ್ಸಲ ಓದಿ. ಆಮೇಲೆ ನಾನು ಹೇಳ್ತೀನಿ, ನೀವು ಬರೀರಿ" ಅಂದರು ಮೇಷ್ಟ್ರು.

ನಾನು ಓದಿದೆ. ವಾಪಸ್ ಬಂದು ಕೂತಾಗ ಅವರು ಒಂದೊಂದು ಓರೆಗೆರೆ, ಒಂದೊಂದು ಕೋಲನ್ ಬಿಡದೆ ಇಡೀ ಸಾಲನ್ನು ಹೇಳಿದರು. ಕೊನೆಯಲ್ಲಿ ಹೊಸ ಫೋಲ್ಡರನ್ನು ಸೇರಿಸಿದೆ. ಕಂಪ್ಯೂಟರ್ ಮತ್ತೆ ಶುರುವಾಯಿತು. ಅವರ ಖಾತೆ ತೆರೆಯಿತು. ಅವರ ಬೆರಳು ಹಿಡಿದು ಒಂದೊಂದೇ ಕೀ ತೋರಿಸಿದೆ. 'ನಾರಾಯಣಸ್ವಾಮಿ' ಎಂದು ಅವರು ಬರೆದದ್ದನ್ನು ಸ್ಪೀಕರ್ ಸ್ವಲ್ಪ ಗೊಗ್ಗರು ದನಿಯಲ್ಲಿ ಓದಿತು. ಮೇಷ್ಟ್ರು ಕೀಬೋರ್ಡಿನ ಮೇಲೆ ಎರಡೂ ಕೈ ಇಟ್ಟು ತಲೆ ತಗ್ಗಿಸಿ ಕೂತರು. ಬಾಗಿಲಲ್ಲಿ ಬಂದು ನಿಂತಿದ್ದ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸೋಮವಾರ ಅವರು ಅರ್ಜಿ ಕೊಡಲಿಲ್ಲ. ಈಗಲೂ ನಮ್ಮ ಶಾಲೆಯಲ್ಲೇ ಇದ್ದಾರೆ, ಪ್ರಶ್ನೆಪತ್ರಿಕೆ ತಾವೇ ಮಾಡುತ್ತಾರೆ.

ಆ ಸುಳ್ಳು ಮಾತ್ರ ತುಂಬ ದಿನ ನನ್ನ ಮನಸ್ಸನ್ನು ಕೊರೆಯುತ್ತಿತ್ತು. ಒಮ್ಮೆ ಬಸ್ ಸ್ಟಾಪಿನವರೆಗೆ ಅವರನ್ನು ಕರೆದುಕೊಂಡು ಹೋಗುವಾಗ, "ಅವತ್ತು ನಿಮಗೆ ಸುಳ್ಳು ಹೇಳಿದ್ದು ಇನ್ನೂ ಚುಚ್ತಾ ಇದೆ ಸಾರ್" ಅಂದೆ.

ಅವರು ನಡೆಯುವುದನ್ನು ನಿಲ್ಲಿಸಿದರು. "ಕಣ್ಣು ಹೋದ್ಮೇಲೆ ಎಲ್ರೂ ನಂಗೆ ಸುಳ್ಳು ಹೇಳ್ತಾರಮ್ಮ. ಮನೇಲೂ ಹೇಳ್ತಾರೆ, ನೋವಾಗ್ದಿರ್ಲಿ ಅಂತ. ಗೊತ್ತಾದ್ರೂ ಸುಮ್ನಿರ್ತೀನಿ. ಹೇಳಿದ್ದನ್ನ ವಾಪಸ್ ತಗೊಂಡೋರು ಇದುವರೆಗೂ ನೀವೊಬ್ರೇ."

ನನ್ನ ತೋಳಿನ ಮೇಲಿದ್ದ ಅವರ ಕೈ ಬಿಗಿಯಾಯಿತು. ಬಸ್ ಬರುವವರೆಗೂ ಅವರು ಅದನ್ನು ತೆಗೆಯಲಿಲ್ಲ.